ಬಣ್ಣದಕ್ಕನದಲ್ಲದ ಹಸಿರು

ಬಣ್ಣದಕ್ಕನ ಕೈ ಮೊಣಕೈವರೆಗೆ ಯಾವ ದಿನ ಯಾವ ಬಣ್ಣದಲ್ಲಿರುತ್ತದೆಂದು ಅವಳ ಗಂಡನಿಗೂ ಹೇಳಲು ಬರುತ್ತಿರಲಿಲ್ಲ. ಸೋಮವಾರ ಅರಿಸಿನ, ಬುಧವಾರ ಇಟ್ಟಿಗೆ ಕೆಂಪು, ಶನಿವಾರ ಬರುವಷ್ಟರಲ್ಲಿ ಕಾಡಿಗೆ. ಒಮ್ಮೆ ಯಾವುದೋ ಕಚೇರಿಯಲ್ಲಿ ರುಜುವಿನ ಜೊತೆ ಹೆಬ್ಬೆಟ್ಟಿನ ಗುರುತನ್ನೂ ಕೇಳಿ ಗುಮಾಸ್ತ ಶಾಯಿ ಡಬ್ಬಿ ಮುಂದಿಟ್ಟಾಗ, "ನಿನ್ನ ಶಾಯಿ ನೀನೇ ಇಟ್ಕೊಳಪ್ಪಾ" ಎಂದು ತನ್ನ ಬೆರಳನ್ನು ನೀರಿಗೆ ಅದ್ದಿ ಕಾಗದಕ್ಕೆ ಒತ್ತಿ ಬಂದಿದ್ದಳು. ಗುರುತು ಎಷ್ಟು ಚೆನ್ನಾಗಿ ಮೂಡಿತ್ತೆಂದರೆ ಕೆಳಗಿನ ಎರಡು ಹಾಳೆಗೂ ಇಳಿದಿತ್ತು.

ಬಟ್ಟೆಗೆ ಬಣ್ಣ ಹಾಕುವುದು ಅವಳ ಕಸುಬು. ವಕೀಲರ ಬೂದು ಹಿಡಿದ ಕರಿಕೋಟು, ಹೋಟೆಲಿನ ಕಿಟಕಿ ಪರದೆ, ಶಾಲೆ ಮಕ್ಕಳ ಸಮವಸ್ತ್ರ, ನಾಟಕದವರ ರಾಜಪೋಷಾಕು, ಎಲ್ಲವೂ ಮುಖ ಬಾಡಿಸಿಕೊಂಡು ಅವಳ ಬಾಗಿಲಿಗೆ ಬಂದು ಕಳೆಗಟ್ಟಿಕೊಂಡು ಹೋಗುತ್ತಿದ್ದವು. ಈ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮದುವೆಯಾಗಿ ಬಂದಾಗ ಗಂಡನ ಮನೆಯಲ್ಲಿದ್ದದ್ದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಬಂದ ಎರಡನೇ ವಾರವೇ ಹೊಸ ಸೊಸೆ ಹೆಡ್‌ಮಾಸ್ತರರ ಆರು ಬಿಳಿ ಅಂಗಿಗಳ ಜೊತೆ ಒಂದು ಕೆಂಪು ಟವೆಲನ್ನು ನೆನೆಹಾಕಿದಳು. ಅಂಗಿಗಳು ಅಲ್ಲಲ್ಲಿ ನಾಚಿಕೊಂಡವು. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. ಸೊಸೆ ಮಾತ್ರ ಎದೆಗುಂದದೆ ಇನ್ನೂ ಎರಡು ಕೆಂಪು ಟವೆಲು ತಂದು ಹಂಡೆಗೆ ಹಾಕಿ ಕುದಿಸಿ, ಆರೂ ಅಂಗಿಗಳನ್ನು ಒಂದೇ ಸಮನಾದ ಗುಲಾಬಿ ಮಾಡಿ, ಗರಿಗರಿ ಇಸ್ತ್ರಿ ಹಾಕಿಸಿ ಕಳಿಸಿದಳು. "ಬಿಳಿ ಬೇಗ ಮಾಸುತ್ತೆ ಸಾರ್, ಇದು ಮಾಸಲ್ಲ" ಎಂದು ಹೇಳಿಕಳಿಸಿದ ಮಾತನ್ನು ಹೆಡ್‌ಮಾಸ್ತರರು ನಂಬಿದರು. ಎರಡು ವರ್ಷ ಗುಲಾಬಿಯಲ್ಲೇ ಪಾಠ ಮಾಡಿದರು. ಮೂವರು ಮಾಸ್ತರರು ತಮಗೂ ಅದೇ ಬಣ್ಣ ಬೇಕೆಂದು ಕೇಳಿಕೊಂಡು ಬಂದರು. ಅಲ್ಲಿಂದ ಅತ್ತೆ ಒಗೆಯುವ ಕಲ್ಲು ಬಿಟ್ಟು ಗಲ್ಲಾಪೆಟ್ಟಿಗೆಯ ಮುಂದೆ ಕೂತರು, ಸೊಸೆ ಹಿತ್ತಿಲಲ್ಲಿ ಬಾನಿಗಳನ್ನು ಸಾಲಾಗಿ ಹೂಡಿದಳು.

ಗಂಡ ಇಸ್ತ್ರಿಯವರಾಗಿಯೇ ಉಳಿದರು. ದಿನಕ್ಕೆ ಎಣಿಸಿದರೆ ಇಪ್ಪತ್ತು ಮಾತು ಆಡುತ್ತಿದ್ದರು. ಅದರಲ್ಲಿ ಹದಿನೈದು "ಹೂಂ".

ಬಣ್ಣದಕ್ಕ ಒಂದು ಬಾನಿ ನೀರನ್ನೂ ವ್ಯರ್ಥ ಮಾಡುತ್ತಿರಲಿಲ್ಲ. ಮೊದಲು ಹಳದಿ. ಹಳದಿ ತೆಳುವಾದ ಮೇಲೆ ಅದೇ ನೀರಿಗೆ ಕೆಂಪು ಸೇರಿಸಿ ಕಿತ್ತಳೆ. ಆಮೇಲೆ ಕೆಂಪು, ಆಮೇಲೆ ಕಂದು, ಕೊನೆಗೆ ಕಪ್ಪು. ಆದರೆ ಕಪ್ಪು ಬಾನಿಯೂ ಒಂದು ದಿನ ಸೋಲುತ್ತದಲ್ಲ, ಆಗ ಅದನ್ನು ಏನು ಮಾಡುವುದು? ಎಲ್ಲರೂ ಮಾಡುವುದನ್ನೇ ಅವಳೂ ಮಾಡುತ್ತಿದ್ದಳು. ಬಾಗಿಲ ಮುಂದಿನ ಚರಂಡಿಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದಳು. ಚರಂಡಿಗಳೆಲ್ಲ ಭೂಮಿಯ ಹೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ಸೇರುತ್ತವೆ, ಅಲ್ಲಿ ಪುರಸಭೆಯವರು ಅದೇನೋ ಮಾಡುತ್ತಾರೆ ಎಂದು ಅವಳ ಲೆಕ್ಕ. ಊರಿನ ಮುಕ್ಕಾಲುಪಾಲು ಜನದ ಲೆಕ್ಕವೂ ಅದೇ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾಟಕದ ಪರದೆಗೆಂದು ಮಾಡಿದ ನೇರಳೆ ಕೆಟ್ಟುಹೋಯಿತು. ಸಿಟ್ಟಿನಿಂದ ಇಡೀ ಬಾನಿಯನ್ನು ಚರಂಡಿಗೆ ಮಗುಚಿದಳು. ಸಂಜೆಗೆ ಇಳಿಜಾರಿನ ಕೊನೆಯಲ್ಲಿರುವ ಕೆರೆಯ ಹತ್ತಿರ ಜಾತ್ರೆಯಂತೆ ಜನ ಸೇರಿತು. ಏಳು ಬಿಳಿ ಬಾತುಕೋಳಿಗಳು ಸೊಂಟದವರೆಗೆ ನೇರಳೆಯಾಗಿ, ಏನೂ ಆಗದವರಂತೆ ಗಂಭೀರವಾಗಿ ತೇಲುತ್ತಿದ್ದವು.

ಪುರಸಭೆಯ ಕೆರೆ ವಿಭಾಗಕ್ಕೆ ಆಗಷ್ಟೇ ಬಂದಿದ್ದ ಕಿರಿಯ ವಯಸ್ಸಿನ ಅಧಿಕಾರಿಣಿಗೆ ಅದು ಮೊದಲ ಕೇಸು. ಊರೆಲ್ಲ ಅವರನ್ನು ಕೆರೆ ಮೇಡಂ ಎನ್ನುತ್ತಿತ್ತು. ಅವರು ಬಂದು ಬಣ್ಣದಕ್ಕನನ್ನು ಬೈಯಲಿಲ್ಲ. ಚರಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದರು.

"ಅಮ್ಮಾ, ನಿಮ್ಮ ಬಚ್ಚಲ ನೀರು ಒಳಚರಂಡಿಗೆ ಹೋಗುತ್ತೆ. ಅದನ್ನ ಶುದ್ಧ ಮಾಡೋಕೆ ಒಂದು ಘಟಕ ಇದೆ. ಇದು ಹಾಗಲ್ಲ, ಇದು ಮಳೆನೀರಿನ ಚರಂಡಿ. ಮಧ್ಯ ಎಲ್ಲೂ ಜರಡಿ ಇಲ್ಲ, ಸೋಸೋದಿಲ್ಲ, ಏನೂ ಇಲ್ಲ. ಇಲ್ಲಿ ಹಾಕಿದ್ದು ಸೀದಾ ಕೆರೆಗೆ. ನೀವು ಇಲ್ಲಿ ಸುರಿದ್ರೆ ಅಲ್ಲಿ ಮೀನಿನ ಬಾಯಿಗೆ ಬಟ್ಟಲು ಇಟ್ಟ ಹಾಗೆ."

ಆ ಮಾತು ಬಣ್ಣದಕ್ಕನಿಗೆ ಚುರುಕ್ಕೆಂದಿತು. ಕೈಗೆ ಬಂದ ನೋಟಿಸನ್ನು ಓದಿದಳು: ಮೂರು ವರ್ಷದೊಳಗೆ ಎರಡನೇ ನೋಟಿಸು ಬಂದರೆ ಕಸುಬಿನ ಜಾಗಕ್ಕೆ ಆರು ತಿಂಗಳು ಬೀಗಮುದ್ರೆ. ಜೊತೆಗಿದ್ದ ನಿಯಮದ ಹಾಳೆಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು. ಹದಿನೆಂಟು ಸಾಲು. ವಾರದೊಳಗೆ ಬಾಯಿಪಾಠ. ತಿಂಗಳೊಳಗೆ ಹಿತ್ತಿಲಲ್ಲಿ ಮೂರು ತೊಟ್ಟಿ ಕಟ್ಟಿಸಿ, ಸೋತ ಬಣ್ಣದ ನೀರನ್ನು ಅದರಲ್ಲಿ ತಂಗಿಸಿ, ಅನುಮತಿ ಪಡೆದು ಒಳಚರಂಡಿಗೆ ಬಿಡುವ ವ್ಯವಸ್ಥೆ ಮಾಡಿಕೊಂಡಳು. ಅಲ್ಲಿಗೆ ನಿಲ್ಲಿಸಿದ್ದರೆ ಬೀದಿಯವರು ನೆಮ್ಮದಿಯಾಗಿರುತ್ತಿದ್ದರು.

ನಿಲ್ಲಿಸಲಿಲ್ಲ. ಎದುರಿನ ಗ್ಯಾರೇಜಿನವನು ಸ್ಕೂಟರು ತೊಳೆಯಲು ಬಕೆಟ್ ಎತ್ತಿದರೆ ಸಾಕು, ಇವಳು ಬಾಗಿಲಿಂದಲೇ ಕೂಗುತ್ತಿದ್ದಳು. "ಏಯ್ ತಮ್ಮಾ, ಏಳನೇ ಸಾಲು! ವಾಹನ ತೊಳೆದ ನೀರು, ಎಣ್ಣೆ, ಗ್ರೀಸು! ನಿಮ್ಮಪ್ಪನ ಮನೆ ಕೆರೆನಾ ಅದು?" ಮನೆ ಕಟ್ಟುವವರು ಮರಳನ್ನು ಮುಚ್ಚದೆ ಬಿಟ್ಟರೆ ಮೋಡ ನೋಡಿಕೊಂಡು ಓಡಿಹೋಗಿ ತಾನೇ ಹಳೇ ಪರದೆ ಹೊದಿಸಿ ಬರುತ್ತಿದ್ದಳು, ಆಮೇಲೆ ಮೇಸ್ತ್ರಿಯ ನೀರಿಳಿಸುತ್ತಿದ್ದಳು. ಕ್ಷೌರದಂಗಡಿಯವನು ಕೂದಲು ಗುಡಿಸುವ ದಿಕ್ಕನ್ನು ಕೂಡ ಬದಲಿಸಿಕೊಳ್ಳಬೇಕಾಯಿತು. ಗ್ಯಾರೇಜಿನವನು ಅವಳಿಗೆ 'ಚರಂಡಿ ಅತ್ತೆ' ಎಂದು ಹೆಸರಿಟ್ಟ. ಅವಳ ಬೆನ್ನ ಹಿಂದೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಎದುರಿಗೆ ಮಾತ್ರ ಅಕ್ಕ, ಅಕ್ಕ ಎಂದು ಹಲ್ಲು ಬಿಡುತ್ತಿದ್ದರು.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಅವಳ ಬಾಗಿಲ ಮುಂದಿನ ಮಳೆನೀರಿನ ಚರಂಡಿಯಲ್ಲಿ ಹಸಿರು ಹರಿಯಿತು.

ಮಳೆಯಿಲ್ಲ, ಮೋಡವಿಲ್ಲ. ಚರಂಡಿಯಲ್ಲಿ ಒಂದು ಗೇಣು ನೀರು, ಅದು ಗಿಳಿಯ ರೆಕ್ಕೆಗಿಂತ ಹಸಿರು. ಬಿಸಿಲು ಬಿದ್ದ ಕಡೆ ಒಳಗೆ ದೀಪ ಹಚ್ಚಿಟ್ಟಂತೆ ಮಿನುಗುತ್ತಿತ್ತು. ಹಲ್ಲುಜ್ಜುತ್ತಾ ಹೊರಗೆ ಬಂದ ಗ್ಯಾರೇಜಿನವನು ಅದನ್ನು ನೋಡಿ ಬ್ರಷ್ಷನ್ನು ಬಾಯಿಂದ ತೆಗೆಯಲಿಲ್ಲ, ಹಾಗೆಯೇ ಬೀದಿಯ ಈ ತುದಿಯಿಂದ ಆ ತುದಿಗೆ ಓಡಿ ಎಲ್ಲರನ್ನೂ ಎಬ್ಬಿಸಿದ. ಕಾಲು ಗಂಟೆಯಲ್ಲಿ ಬೀದಿಗೆ ಬೀದಿಯೇ ಚರಂಡಿಯ ಎರಡೂ ದಡದಲ್ಲಿ ನಿಂತಿತ್ತು. ಎರಡು ವರ್ಷ ಬೈಸಿಕೊಂಡವರ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

"ಅಕ್ಕಾ," ಎಂದ ಗ್ಯಾರೇಜಿನವನು, ಬಾಯಲ್ಲಿ ನೊರೆ ಇಟ್ಟುಕೊಂಡೇ. "ಬಣ್ಣದ ನೀರು ಅಂದ್ರೆ ಎಷ್ಟನೇ ಸಾಲು?"

"ನಾಲ್ಕನೇ ಸಾಲು," ಎಂದು ಅಭ್ಯಾಸಬಲದಿಂದ ಉತ್ತರಿಸಿಬಿಟ್ಟಳು ಬಣ್ಣದಕ್ಕ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಎಲ್ಲರೂ ಹೋ ಎಂದರು.

ಹತ್ತು ಗಂಟೆಗೆ ಕೆರೆ ಮೇಡಂ ಬಂದರು. ಕೆರೆಯ ಬಾಯಿಯಲ್ಲೂ ಹಸಿರು ಕಂಡಿತ್ತು. ಒಂದು ಗಾಜಿನ ಸೀಸೆಯಲ್ಲಿ ನೀರು ತುಂಬಿ ಚೀಟಿ ಅಂಟಿಸಿದರು. ಮುಖದಲ್ಲಿ ನೋವಿತ್ತು. ಈ ಎರಡು ವರ್ಷದಲ್ಲಿ ಅವರು ಬೇರೆ ಬೀದಿಯವರಿಗೆ ಬುದ್ಧಿ ಹೇಳುವಾಗಲೆಲ್ಲ ಬಣ್ಣದಕ್ಕನ ಮೂರು ತೊಟ್ಟಿಯನ್ನೇ ಉದಾಹರಣೆ ಕೊಡುತ್ತಿದ್ದರು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಈ ಚರಂಡಿ ಹರಿಯೋ ದಾರೀಲಿ ಬಣ್ಣದ ಕೆಲಸ ಇರೋದು ನಿಮ್ಮದೊಂದೇ."

"ಮೇಡಂ, ನಾನು ಹಸಿರು ಮಾಡಿ ಹದಿನೈದು ದಿನ ಆಯ್ತು."

"ತೊಟ್ಟಿ ಸೋರಿರಬಹುದು."

"ನನ್ನ ತೊಟ್ಟಿ ಸೋರುತ್ತಾ? ಬನ್ನಿ, ಒಳಗಿಳಿದು ನೋಡಿ!" ಎಂದವಳು ಸೀಸೆಯತ್ತ ಕಣ್ಣು ಹಾಯಿಸಿ ಮಾತು ನಿಲ್ಲಿಸಿದಳು. ಸೀಸೆಯನ್ನು ಕಸಿದುಕೊಂಡು ಬಿಸಿಲಿಗೆ ಹಿಡಿದಳು. ಅವಳ ಮುಖ ಕೆಂಪೇರಿತು. "ಇದೇನ್ರೀ ಇದು? ಇದನ್ನ ನನ್ನ ಹಸಿರು ಅಂತೀರಾ? ನನ್ನ ಹಸಿರು ಅಂದ್ರೆ ಹಳದಿ ಮೇಲೆ ನೀಲಿ ಕೂರಿಸಿ ಮಾಡಿದ್ದು. ಎರಡು ಬಣ್ಣ ಸಂಸಾರ ಮಾಡಿದ ಕಳೆ ಇರುತ್ತೆ ಅದರಲ್ಲಿ. ಇದು ಒಂಟಿ ಬಣ್ಣ. ಮಿರಮಿರ ಅಂತ ಹೊಳೀತಿದೆ ನೋಡಿ, ಮರ್ಯಾದಸ್ಥ ಬಣ್ಣ ಹಿಂಗೆ ಹೊಳೆಯುತ್ತಾ? ಚರಂಡಿಗೆ ಸುರಿದೆ ಅಂತ ಬೈಯಿರಿ ಮೇಡಂ, ಸಹಿಸ್ಕೋತೀನಿ. ಇಂಥಾ ದರಿದ್ರ ಬಣ್ಣ ಮಾಡಿದೆ ಅಂತ ಹೇಳಬೇಡಿ!"

ಮೇಡಂ ನೋಟಿಸು ಬರೆದರು. ಅವರಿಗೆ ಬೇರೆ ದಾರಿಯಿರಲಿಲ್ಲ. ನಾಳೆ ಸಂಜೆ ನಾಲ್ಕರೊಳಗೆ ಪುರಾವೆಯೊಂದಿಗೆ ಉತ್ತರ ಕೊಡಬೇಕು; ಕೊಡದಿದ್ದರೆ ಅಂದೇ ಬೀಗಮುದ್ರೆ. "ನಿಮ್ಮದಲ್ಲ ಅಂದ್ರೆ ಸಾಲದು ಅಮ್ಮಾ. ಯಾರದ್ದು ಅಂತ ತೋರಿಸಿದ್ರೆ ನನಗೂ ಒಂದು ಆಧಾರ ಸಿಗುತ್ತೆ" ಎಂದು ಮೆಲ್ಲಗೆ ಹೇಳಿ ಹೋದರು.

ಮನೆಯೊಳಗೆ ಗಂಡ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟು ಅಂದಿನ ಇಪ್ಪತ್ತು ಮಾತನ್ನು ಒಟ್ಟಿಗೇ ಖರ್ಚು ಮಾಡಿದರು. "ತಪ್ಪಾಯ್ತು ಅಂತ ಬರೆದುಕೊಟ್ಬಿಡೇ. ಮೇಡಂ ಒಳ್ಳೆಯವರು. ಒಂದು ತಿಂಗಳಿಗೆ ಇಳಿಸಬಹುದು."

"ಒಪ್ಕೋಬೇಕಾ? ಯಾರದ್ದೋ ಹುಟ್ಟು ಗೊತ್ತಿಲ್ಲದ ಹಸಿರಿಗೆ ನಾನು ತಾಯಿ ಅಂತ ರುಜು ಹಾಕ್ಲಾ? ನಾಳೆ ಗಿರಾಕಿಗಳು ಏನಂತಾರೆ? ಅಕ್ಕನ ಕೈ ಸೋತೋಯ್ತು, ಮಿಣುಕು ಬಣ್ಣ ಮಾಡ್ತಿದ್ದಾಳೆ ಅನ್ನಲ್ವಾ?"

"ಹೂಂ," ಎಂದರು ಗಂಡ.

ಹಿತ್ತಿಲಲ್ಲಿ ಒಲೆ ಆರಿತ್ತು. ಹೋಟೆಲಿನ ಪರದೆಗಳು ಅರ್ಧ ಕಂದಾಗಿ ಬಾನಿಯಲ್ಲಿ ಮುಳುಗಿದ್ದವು. ಬೀಗ ಬಿದ್ದರೆ ಅವು ಆರು ತಿಂಗಳು ಅಲ್ಲೇ ಕೊಳೆಯಬೇಕು, ಅವಳೂ ಕೂಡ. ಮೂವತ್ತು ವರ್ಷದಲ್ಲಿ ಕೈ ಒಣಗಿಸಿಕೊಂಡು ಕೂತ ದಿನವೇ ಇಲ್ಲದವಳು.  ಹೊಸ ಬಿಳಿ ಬಟ್ಟೆ ಒಂದಿಷ್ಟು ಹರಿದು, ಚರಂಡಿಗೆ ಹೋಗಿ ಆ ಹಸಿರಿನಲ್ಲಿ ಅದ್ದಿ ತಂದು ಹಗ್ಗಕ್ಕೆ ಹಾಕಿದಳು. ಬಣ್ಣ ಎಂಥದ್ದೆಂದು ತಿಳಿಯಲು ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಸಂಜೆಯ ಹೊತ್ತಿಗೆ ಬಟ್ಟೆಯಲ್ಲಿದ್ದ ಹಸಿರು ಬಿಸಿಲಿಗೆ ಮೂರು ಪಾಲು ಹಾರಿಹೋಗಿತ್ತು. ತೊಳೆದರೆ ಉಳಿದ ಒಂದು ಪಾಲೂ ಕೈಗೆ ಬಂತು.

"ನೋಡ್ರೀ, ನೋಡ್ರೀ!" ಎಂದು ಗಂಡನ ಮುಖಕ್ಕೆ ಹಿಡಿದಳು. "ಅರ್ಧ ದಿನದ ಬಿಸಿಲು ತಡೀಲಿಲ್ಲ! ನಾನು ಹಾಕಿದ ಹಸಿರು ವಕೀಲರ ಮೇಜಿನ ಮೇಲೆ ಹನ್ನೊಂದು ವರ್ಷದಿಂದ ಕೂತಿದೆ, ವಕೀಲರೇ ಮೂರು ಸಲ ಬಣ್ಣ ಬದಲಿಸಿದ್ರು!" ಅವಳ ದನಿಯಲ್ಲಿದ್ದದ್ದು ಸಂತೋಷವೋ ಕೋಪವೋ ಗಂಡನಿಗೆ ತಿಳಿಯಲಿಲ್ಲ. ಎರಡೂ ಇತ್ತು.

ಮಾರನೇ ಬೆಳಿಗ್ಗೆ ನೋಡಿದರೆ ಚರಂಡಿಯಲ್ಲಿ ಮತ್ತೆ ಹೊಸ ಹಸಿರು, ನಿನ್ನೆಗಿಂತ ದಟ್ಟವಾಗಿ. ಬಣ್ಣದಕ್ಕ ಸೊಂಟಕ್ಕೆ ಸೆರಗು ಬಿಗಿದಳು. ನೀರು ಮೇಲಿಂದ ಕೆಳಕ್ಕೆ ಬರುತ್ತದೆ. ಹಾಗಾದರೆ ತಾನು ಕೆಳಗಿಂದ ಮೇಲಕ್ಕೆ ಹೋದರಾಯಿತು. ಅವಳ ಮನೆಯ ಮುಂದೆ ಚರಂಡಿ ಬಾಯಿ ತೆರೆದಿತ್ತು, ಆದರೆ ಮೇಲೆ ಹೋದಂತೆ ಕಲ್ಲುಚಪ್ಪಡಿಯ ಕೆಳಗೆ ಅಡಗುತ್ತಿತ್ತು. ಇಪ್ಪತ್ತು ಮೂವತ್ತು ಹೆಜ್ಜೆಗೊಂದು ಕಬ್ಬಿಣದ ಜಾಲರಿ ಮಾತ್ರ. ಪರದೆ ತೂಗುಹಾಕುವ ಉದ್ದನೆಯ ಕೋಲಿನ ತುದಿಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ, ಜಾಲರಿಯ ಸಂದಿಯಿಂದ ಇಳಿಬಿಟ್ಟು ಎತ್ತುವುದೆಂದು ಉಪಾಯ ಮಾಡಿದಳು. ಗಂಡನ ಕೈಗೆ ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಕೊಟ್ಟಳು.

"ಇನ್ನೊಂದು ತುದಿ?" ಎಂದರು ಗಂಡ.

ಗ್ಯಾರೇಜಿನವನು ಎದುರಿಗೇ ನಿಂತು ಹಲ್ಲುಗಿಂಜುತ್ತಿದ್ದ. "ಏನಕ್ಕಾ, ಮೀನು ಹಿಡಿಯೋಕೆ ಹೊರಟ್ರಾ?"

"ಹೂಂ ಕಣೋ. ಬಾ, ಈ ತುದಿ ಹಿಡ್ಕೋ. ಕಳ್ಳ ಸಿಕ್ಕಿದ್ರೆ ಮೊದಲು ನೀನೇ ನೋಡೋನು."

ಚರಂಡಿ ಅತ್ತೆ ಊರ ಮುಂದೆ ಬೇಸ್ತು ಬೀಳುವುದನ್ನು ಹತ್ತಿರದಿಂದ ನೋಡುವ ಆಸೆಗೆ ಅವನು ಹಗ್ಗ ಹಿಡಿದ. ಅವನು ಬಾಳಿನಲ್ಲಿ ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದನೋ ಇಲ್ಲವೋ.

ಮೊದಲ ಜಾಲರಿ ಅವನ ಗ್ಯಾರೇಜಿನ ಮುಂದಿನದೇ. ಬಣ್ಣದಕ್ಕ ಕೋಲು ಇಳಿಬಿಟ್ಟು, ಹತ್ತು ಎಣಿಸಿ, ಮೇಲೆತ್ತಿದಳು. ಪಟ್ಟಿ ಹಸಿರಾಗಿತ್ತು. ಜೊತೆಗೆ ಅದರ ಅಂಚಿಗೆ ಎರಡು ಬೆರಳಗಲ ಕರಿ ಎಣ್ಣೆ ಜಿಗುಟಾಗಿ ಹತ್ತಿತ್ತು. ಅವಳು ಅವನ ಮುಖ ನೋಡಿದಳು. ಅವನು ಆಕಾಶ ನೋಡಿದ. ಅವಳು ಆ ಪಟ್ಟಿಯನ್ನು ಹಗ್ಗದ ಅವನ ತುದಿಗೆ, ಸರಿಯಾಗಿ ಅವನ ಮೂಗಿನ ಮುಂದೆ, ಕ್ಲಿಪ್ಪು ಹಾಕಿ ಸಿಕ್ಕಿಸಿದಳು.

"ಅಕ್ಕಾ, ಇದು ಹಳೇದು ಇರ್ಬೇಕು. ನಾನು ಬರೋಕೆ ಮುಂಚಿನದ್ದು."

"ಬಾಯಿ ಮುಚ್ಚಿ ಹಗ್ಗ ಬಿಗಿ ಹಿಡಿ. ಸಡಿಲ ಬಿಟ್ರೆ ಒಂದಕ್ಕೊಂದು ತಾಗುತ್ತೆ."

ಕ್ಷೌರದಂಗಡಿಯ ಮುಂದಿನ ಜಾಲರಿಯಿಂದ ಬಂದ ಪಟ್ಟಿ ಹಸಿರಾಗಿತ್ತು, ಗಡ್ಡವೂ ಬೆಳೆದಿತ್ತು. ಬೇಕರಿಯ ಹತ್ತಿರದ್ದು ಹಸಿರಿನ ಮೇಲೆ ಹಿಟ್ಟಿನ ಲೇಪ ಹಾಕಿಕೊಂಡು ಬಂತು. ಮೂಲೆಯ ಮಹಡಿ ಮನೆಯ ಮುಂದೆ ಕೋಲು ಎತ್ತಿದರೆ ಪಟ್ಟಿಗಿಂತ ಮೊದಲು ನೊರೆಯೇ ಮೇಲೆ ಬಂತು. ಮನೆಯ ಯಜಮಾನಿ ಕಿಟಕಿಯಿಂದ ಇಣುಕಿ ನೋಡಿ ಪರದೆ ಎಳೆದುಕೊಂಡರು. ಆ ಪರದೆಯೂ ಬಣ್ಣದಕ್ಕನೇ ಬಣ್ಣ ಹಾಕಿಕೊಟ್ಟದ್ದು.

ಬೀದಿಯ ನಗು ಸಣ್ಣಗೆ ಇಳಿಯತೊಡಗಿತು. ಮುಂದೆ ಕೋಲು ಹಿಡಿದ ಬಣ್ಣದಕ್ಕ, ಹಿಂದೆ ಇಬ್ಬರು ಗಂಡಸರ ನಡುವೆ ತೂಗಾಡುತ್ತಾ ಸಾಗುವ ಹಗ್ಗ, ಹಗ್ಗದ ಮೇಲೆ ಇಡೀ ಬೀದಿಯ ಗುಟ್ಟು ಒಣಗುತ್ತಿದೆ. ಬೆಳಿಗ್ಗೆ ತಮಾಷೆ ನೋಡಲು ಬಂದವರೆಲ್ಲ ಈಗ ತಮ್ಮ ಮನೆಯ ಮುಂದಿನ ಜಾಲರಿ ಬರುತ್ತಿದ್ದಂತೆ ಬೇರೆಯವರ ಬೆನ್ನ ಹಿಂದೆ ಸರಿಯುತ್ತಿದ್ದರು. ಒಬ್ಬರು ಜಾಲರಿಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರು ಓದುವವರಂತೆ ಕೂತುಬಿಟ್ಟರು.

"ಏಳ್ರೀ," ಎಂದಳು ಬಣ್ಣದಕ್ಕ.

"ಬಿಸಿಲು ಕಾಯಿಸ್ತಿದ್ದೀನಮ್ಮ."

"ನೆರಳಲ್ಲಿ ಕೂತ್ಕೊಂಡಾ?"

ಅವರು ಎದ್ದರು.

ನಾಲ್ಕು ರಸ್ತೆ ಸೇರುವಲ್ಲಿ ಚರಂಡಿ ಕವಲಾಗಿತ್ತು. ಎಡಗಡೆಯ ಜಾಲರಿಗೆ ಇಳಿಬಿಟ್ಟ ಪಟ್ಟಿ ಬರೀ ಮಣ್ಣುನೀರಿನಲ್ಲಿ ನೆಂದು ಬಂತು. ಬಲಗಡೆಯದ್ದು ಹಸಿರು. ಬಣ್ಣದಕ್ಕನ ಕಿವಿ ನಿಮಿರಿತು. ಬಲಕ್ಕೆ ತಿರುಗಿದಳು. ಮುಂದಿನದ್ದು ಇನ್ನೂ ಹಸಿರು, ಅದರ ಮುಂದಿನದ್ದು ಹಿಂಡಿದರೆ ತೊಟ್ಟಿಕ್ಕುವಷ್ಟು ಹಸಿರು. ಆಮೇಲೆ ಚರಂಡಿ ಒಂದು ಎತ್ತರದ ಗೋಡೆಯ ಬುಡಕ್ಕೆ ಹೋಗಿ ನಿಂತಿತು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಪುರಸಭೆ ವಾಹನ ಶೆಡ್.

ಕಸದ ಲಾರಿಗಳನ್ನೂ ನೀರಿನ ಟ್ಯಾಂಕರುಗಳನ್ನೂ ತೊಳೆಯುವ ಜಾಗ ಅದು. ಗೇಟು ತೆರೆದೇ ಇತ್ತು. ಒಳಗೆ ಅಂಗಳದ ನಡುವೆ ಒಳಚರಂಡಿ ಗುಂಡಿಯ ಮುಚ್ಚಳ ತೆಗೆದಿಟ್ಟಿತ್ತು. ಪಕ್ಕದಲ್ಲಿ ಒಂದು ಕುರ್ಚಿ, ಕುರ್ಚಿಗೆ ಕಟ್ಟಿದ ಛತ್ರಿ, ಛತ್ರಿಯ ಕೆಳಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗುಂಡಿಯೊಳಗೆ ದೃಷ್ಟಿ ನೆಟ್ಟ ಒಬ್ಬ ಹಿರಿಯರು. ಪುರಸಭೆಯ ಚರಂಡಿ ವಿಭಾಗದ ಸಾಹೇಬರು. ಇಪ್ಪತ್ತೆಂಟು ವರ್ಷದ ಸೇವೆ. ಮಡಿಲಲ್ಲಿ ಮಡಿಕೆ ಮಡಿಕೆಯಾಗಿ ಹರಿದ ನಕ್ಷೆ. ಅವರ ಎರಡೂ ಅಂಗೈ ಗಿಳಿಹಸಿರು.

"ಇನ್ನೂ ಬಂದಿಲ್ಲ," ಎಂದರು ತಲೆಯೆತ್ತದೆ. ತಮ್ಮ ಕೆಲಸದವರು ಯಾರೋ ಬಂದರೆಂದು ತಿಳಿದಿದ್ದರು.

"ಏನು ಬಂದಿಲ್ಲ ಸಾಹೇಬ್ರೇ?" ಎಂದಳು ಬಣ್ಣದಕ್ಕ.

"ಹಸಿರು ಕಣ್ರೀ. ಲಾರಿ ತೊಳೆಯೋ ಕಟ್ಟೆ ಇದೆಯಲ್ಲ, ಅದರ ನೀರು ಎಲ್ಲಿಗೆ ಹೋಗುತ್ತೆ ಅಂತ ಪರೀಕ್ಷೆ. ಕಟ್ಟೆಯಲ್ಲಿ ಗುರುತಿನ ಬಣ್ಣ ಹಾಕಿದ್ರೆ ಈ ಗುಂಡೀಲಿ ಕಾಣಿಸಬೇಕು. ನಲವತ್ತು ಅಡಿ ದೂರ, ಐದು ನಿಮಿಷದ ಕೆಲಸ. ನಿನ್ನೆ ಬೆಳಿಗ್ಗೆಯಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದ್ದೀನಿ. ಬಂದಿಲ್ಲ. ಪೈಪಿನಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಅಂತ ಇವತ್ತು ಇನ್ನೂ ಎರಡು ಡಬ್ಬಿ ಹಾಕಿದೆ."

ಬಣ್ಣದಕ್ಕ ಗಂಡನಿಗೂ ಗ್ಯಾರೇಜಿನವನಿಗೂ ಸನ್ನೆ ಮಾಡಿದಳು. ಇಬ್ಬರೂ ಮುಂದೆ ಬಂದು ಹಗ್ಗವನ್ನು ಸಾಹೇಬರ ಮುಂದೆ ಅಡ್ಡಲಾಗಿ ಬಿಗಿದು ನಿಂತರು. ಹದಿನಾಲ್ಕು ಪಟ್ಟಿಗಳು. ತುದಿಯಿಂದ ತುದಿಗೆ ಹಸಿರು ಏರುತ್ತಾ ಹೋಗಿತ್ತು.

ಸಾಹೇಬರು ಕರವಸ್ತ್ರ ಇಳಿಸಿದರು. ಪಟ್ಟಿ ನೋಡಿದರು, ಗುಂಡಿ ನೋಡಿದರು, ನಕ್ಷೆ ನೋಡಿದರು.

"ನಕ್ಷೆ ಪ್ರಕಾರ ಇಲ್ಲಿಗೇ ಬರಬೇಕಿತ್ತು," ಎಂದರು ಸಣ್ಣ ದನಿಯಲ್ಲಿ.

"ನಕ್ಷೆಗೆ ಬಂದಿರಬಹುದು ಸಾಹೇಬ್ರೇ. ನೀರು ಮಾತ್ರ ನನ್ನ ಬಾಗಿಲಿಗೆ ಬಂದಿದೆ. ಅಲ್ಲಿಂದ ಕೆರೆಗೂ ಹೋಗಿದೆ. ನಿಮ್ಮ ಲಾರಿಗಳ ಕೊಳೆ ಎಷ್ಟು ವರ್ಷದಿಂದ ಹಿಂಗೆ ಹೋಗ್ತಿದೆಯೋ! ನನಗೆ ಇವತ್ತು ಸಂಜೆ ನಾಲ್ಕಕ್ಕೆ ಬೀಗ."

"ಬೀಗ ಯಾಕೆ? ಕೆರೆ ವಿಭಾಗಕ್ಕೆ ಮೊದಲೇ ಪತ್ರ ಬರೆದಿದ್ದೀನಲ್ಲ! ಬಣ್ಣ ಹಾಕ್ತಿದ್ದೀವಿ, ಇದು ನಿರಪಾಯಕಾರಿ, ಗಾಬರಿ ಬೀಳಬೇಡಿ ಅಂತ."

"ಯಾವಾಗ ಬರೆದ್ರಿ?"

"ಒಂಬತ್ತು ದಿನ ಆಯ್ತು."

ಚರಂಡಿ ವಿಭಾಗದ ಬಾಗಿಲಿಗೆ ಎದುರುಬದುರಾಗಿಯೇ ಕೆರೆ ವಿಭಾಗದ ಬಾಗಿಲು. ಸಾಹೇಬರು ಕೆಮ್ಮಿದರೆ ಮೇಡಂಗೆ ಕೇಳಿಸುತ್ತದೆ. ಆದರೆ ಪತ್ರ ಹಾಗೆ ಅಡ್ಡ ದಾಟುವಂತಿಲ್ಲ. ಮೊದಲು ಮಹಡಿ ಹತ್ತಿ ಮುಖ್ಯಾಧಿಕಾರಿಯ ಮೇಜಿಗೆ ಹೋಗಬೇಕು, ಮುದ್ರೆ ಹೊಡೆಸಿಕೊಳ್ಳಬೇಕು, ಆಮೇಲೆ ಇನ್ನೊಂದು ಮೆಟ್ಟಿಲಿಂದ ಇಳಿಯಬೇಕು. ಮುದ್ರೆಯ ಗುಮಾಸ್ತ ರಜೆಯ ಮೇಲಿದ್ದ.

"ಎದುರು ಬಾಗಿಲಿಗೆ ಹೋಗಿ ಒಂದು ಮಾತು ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?"

ಸಾಹೇಬರು ನಿಜವಾಗಿಯೂ ಯೋಚಿಸಿದರು. "ಇಪ್ಪತ್ತೆಂಟು ವರ್ಷದಲ್ಲಿ ಅದು ಹೊಳೀಲೇ ಇಲ್ಲ," ಎಂದರು.

ನಾಲ್ಕಕ್ಕೆ ಇನ್ನೂ ಅರ್ಧ ಗಂಟೆಯಿದೆ ಎನ್ನುವಾಗ ಹಗ್ಗದ ಮೆರವಣಿಗೆ ಪುರಸಭೆಯ ಮೆಟ್ಟಿಲು ಹತ್ತಿತು. ಕೆರೆ ಮೇಡಂ ಮೇಜಿನ ಮೇಲೆ ಬೀಗ, ಅರಗು, ಬೆಂಕಿಪೊಟ್ಟಣ ಜೋಡಿಸಿಟ್ಟುಕೊಂಡು ಮಂಕಾಗಿ ಕೂತಿದ್ದರು. ಬಣ್ಣದಕ್ಕ ಮೊದಲು ಹೇಳಿದ್ದು ಚರಂಡಿಯ ವಿಷಯವನ್ನಲ್ಲ.

"ಮೇಡಂ, ನಿಮ್ಮ ಸೀಸೆ ಎಲ್ಲಿ?"

ಸೀಸೆ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿನಲ್ಲಿತ್ತು. ಮೇಡಂ ತಿರುಗಿ ನೋಡಿ ಬೆಚ್ಚಿದರು. ಚೀಟಿ ಹಾಗೇ ಇತ್ತು. ಒಳಗಿನ ಹಸಿರು ಬಹುಪಾಲು ಮಾಯವಾಗಿ ತಿಳಿನೀರಿನ ಹಾಗೆ ಕೂತಿತ್ತು.

"ನಾನು ಹೇಳಲಿಲ್ವಾ? ದರಿದ್ರ ಬಣ್ಣ ಅಂತ!" ಎಂದಳು ಬಣ್ಣದಕ್ಕ, ಇಡೀ ಕಚೇರಿಗೆ ಕೇಳುವಂತೆ. ಅವಳ ಮುಖ ಎರಡು ದಿನದ ಮೇಲೆ ಮೊದಲ ಸಲ ಅರಳಿತ್ತು.

ಆಮೇಲೆ ಸಾಹೇಬರು ತಮ್ಮ ಹಸಿರು ಅಂಗೈ ಮುಂದೆ ಚಾಚಿ ನಡೆದದ್ದನ್ನು ಹೇಳಿದರು. ತಮ್ಮ ಕೊಠಡಿಯಿಂದ ಎದುರಿನ ಕೊಠಡಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಕೂರಲು ಕುರ್ಚಿ ಯಾವುದೆಂದು ಕೂಡ ಅವರಿಗೆ ಗೊತ್ತಾಗಲಿಲ್ಲ. ಮೇಡಂ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಬಣ್ಣದಕ್ಕನ ನೋಟಿಸನ್ನು ತೆಗೆದು ಅಡ್ಡಗೆರೆ ಎಳೆದು 'ಹಿಂಪಡೆಯಲಾಗಿದೆ' ಎಂದು ಬರೆದು ರುಜು ಹಾಕಿದರು. ಬಣ್ಣದಕ್ಕ ಅದನ್ನು ಎರಡು ಸಲ ಓದಿ, ಮಡಿಸಿ, ಸೆರಗಿನ ಗಂಟಿಗೆ ಸೇರಿಸಿದಳು. ಗಂಡ ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟರು.

ಮೇಡಂ ಪೆನ್ನು ಕೆಳಗಿಡಲಿಲ್ಲ. ಹೊಸ ನೋಟಿಸಿನ ಹಾಳೆ ಮುಂದಿತ್ತು, ಪೆನ್ನು ಅದರ ಮೇಲೆ ಗಾಳಿಯಲ್ಲಿ ನಿಂತಿತ್ತು. ಶೆಡ್ಡು ಪುರಸಭೆಯದು. ಪುರಸಭೆಗೆ ನೋಟಿಸು ಎಂದರೆ ಮಹಡಿ ಮೇಲಿನ ಮುಖ್ಯಾಧಿಕಾರಿಗೆ ನೋಟಿಸು.

"ಎರಡನೇ ಸಾಲು ಮೇಡಂ," ಎಂದಳು ಬಣ್ಣದಕ್ಕ ಮೆಲ್ಲಗೆ. "'ಯಾವುದೇ ವ್ಯಕ್ತಿ, ಅಂಗಡಿ ಅಥವಾ ಸಂಸ್ಥೆ.' ಪುರಸಭೆ ಬಿಟ್ಟು ಅಂತ ಎಲ್ಲೂ ಇಲ್ಲ. ನಾನು ಹದಿನೆಂಟೂ ಸಾಲು ನೋಡಿದ್ದೀನಿ."

"ಸಾಕ್ಷಿಗೆ ನನ್ನ ರುಜು ಹಾಕಿಸ್ಕೊಳ್ಳಿ," ಎಂದರು ಸಾಹೇಬರು ಇದ್ದಕ್ಕಿದ್ದಂತೆ. "ಆ ಪೈಪು ಸರಿ ಮಾಡಿಸಿ ಅಂತ ನಾನು ಕೇಳಿದ್ರೆ ಹತ್ತು ವರ್ಷ ಬೇಕು. ನೋಟಿಸು ಬಂದ್ರೆ ಹದಿನೈದು ದಿನ."

ಮೇಡಂ ಬರೆದರು. ರುಜು ಹಾಕಿದರು, ಸಾಹೇಬರಿಂದಲೂ ಹಾಕಿಸಿಕೊಂಡರು. ಅದನ್ನು ಮಡಿಸುವಾಗ ಅವರ ಕಣ್ಣು ಮತ್ತೆ ಹಗ್ಗದ ಮೇಲೆ ಬಿತ್ತು. ಕರಿ ಎಣ್ಣೆಯ ಪಟ್ಟಿ, ಕೂದಲಿನ ಪಟ್ಟಿ, ಹಿಟ್ಟಿನದು, ಸೋಪಿನದು.

"ಅಮ್ಮಾ, ಇವೆಲ್ಲ ಯಾರದ್ದು?"

ಬಾಗಿಲ ಹೊರಗೆ ನಿಂತಿದ್ದ ಬೀದಿಯ ಜನ ಒಂದು ಹೆಜ್ಜೆ ಹಿಂದೆ ಸರಿದರು. ಗ್ಯಾರೇಜಿನವನು ತನ್ನ ಮೂಗಿನ ಮುಂದಿನ ಕರಿ ಪಟ್ಟಿಯನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. 

ಬಣ್ಣದಕ್ಕ ಅವನನ್ನು ಒಂದು ಸಲ ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಹೊರಗಿನವರನ್ನು ನೋಡಿದಳು.

"ಬಟ್ಟೆ ನನ್ನದು ಮೇಡಂ," ಎಂದಳು. "ನಿಮ್ಮ ಕೇಸಿಗೆ ಬೇಕಾದ್ದು ಹಸಿರು, ಅದು ಸಿಕ್ಕಿತಲ್ಲ. ಉಳಿದದ್ದು ನಮ್ಮ ಬೀದಿ ವಿಷಯ. ನಾನು ವಿಚಾರಿಸ್ಕೋತೀನಿ."

ಮೇಡಂಗೆ ಅರ್ಥವಾಯಿತು. "ಎಷ್ಟು ದಿನದಲ್ಲಿ?"

"ಒಂದು ತಿಂಗಳು ಕೊಡಿ. ಆಮೇಲೆ ನೀವೇ ಬಂದು ಕೋಲು ಇಳಿಬಿಟ್ಟು ನೋಡಿ. ಪಟ್ಟಿ ಬೆಳ್ಳಗೆ ಬರಲಿಲ್ಲ ಅಂದ್ರೆ ಎಲ್ಲರ ಹೆಸರೂ ನಾನೇ ಹೇಳ್ತೀನಿ, ನನ್ನ ನೆಂಟರು ಅಂತ ಬಿಡಲ್ಲ."

ಹೊರಗೆ ಬಂದಾಗ ಜನ ಅವಳನ್ನು ಹೊತ್ತುಕೊಳ್ಳುವುದೊಂದು ಬಾಕಿ. ಕ್ಷೌರದಂಗಡಿಯವನು ಕಣ್ಣೊರೆಸಿಕೊಂಡ. ಮಹಡಿ ಮನೆಯ ಯಜಮಾನಿ, "ನೀನು ನಮ್ಮ ಮನೆಮಗಳು ಕಣಮ್ಮಾ" ಎಂದರು. ಬಣ್ಣದಕ್ಕ ಎಲ್ಲರಿಗೂ ತಲೆಯಾಡಿಸಿದಳು, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು, ಮೆಟ್ಟಿಲ ಮೇಲೆ ನಿಂತು ದನಿಯೆತ್ತಿದಳು.

"ನಾಳೆ ಬೆಳಿಗ್ಗೆ ಆರಕ್ಕೆ ಕೋಲು ತಗೊಂಡು ಬರ್ತೀನಿ. ಎಲ್ಲರೂ ಅವರವರ ಜಾಲರಿ ಮುಂದೆ ನಿಂತಿರಬೇಕು. ದಿನಾ ಬರ್ತೀನಿ. ಪಟ್ಟಿ ಬೆಳ್ಳಗಾಗೋವರೆಗೂ ಬರ್ತೀನಿ. ಪಟ್ಟಿ ಕೊಳೆಯಾದ್ರೆ ಅದನ್ನ ಒಗೆದು ಇಸ್ತ್ರಿ ಮಾಡಿ ತಂದುಕೊಡೋದು ಅವರವರ ಕೆಲಸ."

 ಅವಳು ಅರ್ಧ ಕಂದಾಗಿ ಉಳಿದ ಪರದೆಗಳನ್ನು ನೆನೆದು ಬಿರಬಿರನೆ ಮನೆಯ ದಾರಿ ಹಿಡಿದಳು. ಒಲೆ ಹಚ್ಚಬೇಕು, ಬಾನಿ ತಣ್ಣಗಾಗಿ ಎರಡು ದಿನವಾಯಿತು. ಗಂಡ ಕೋಲು ಹೊತ್ತು ಹಿಂದೆ ನಡೆದರು.

ಗ್ಯಾರೇಜಿನವನು ಮಾತ್ರ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿದ್ದ. ಅವಳು ತಿರುವಿನಲ್ಲಿ ಮರೆಯಾದಳೆ ಎಂದು ಕತ್ತು ಉದ್ದ ಮಾಡಿ ನೋಡಿದ. ಆಮೇಲೆ ಸದ್ದಿಲ್ಲದೆ ಒಳಗೆ ಹೋಗಿ ಮೇಡಂ ಮೇಜಿನ ಮುಂದೆ ಕೈ ಕಟ್ಟಿ ನಿಂತ.

"ಮೇಡಂ, ಆ ಕರಿ ಎಣ್ಣೆ ನನ್ನದು. ನನಗೆ ನೋಟಿಸು ಕೊಟ್ಬಿಡಿ."

"ಯಾಕಪ್ಪಾ? ಅಮ್ಮ ನೋಡ್ಕೋತೀನಿ ಅಂದ್ರಲ್ಲ?"

"ಅದಕ್ಕೇ ಮೇಡಂ," ಎಂದ ಅವನು. "ನಿಮಗಾದ್ರೆ ಭಾನುವಾರ ರಜೆ ಇದೆ."